ಹತ್ತು ಹೆಜ್ಜೆ ಬೂದಿ

ತೊಮಾಸಾ ಇಬಾರಾಳ ಎದೆಯ ಮೇಲೆ ಹನ್ನೊಂದು ವರ್ಷದಿಂದ ಬೇರೆಯವರ ಹೆಸರಿತ್ತು. ಕಿತ್ತಳೆ ಬಣ್ಣದ ಅಂಗಿ, ಎಡಜೇಬಿನ ಮೇಲೆ ಕಪ್ಪು ದಾರದಲ್ಲಿ ಹೊಲಿದ ಅಕ್ಷರ: ಸಿ. ಬೆಲ್ತ್ರಾನ್. ಸೆಲೆದೋನಿಯೊ ಬೆಲ್ತ್ರಾನ್ ಎಂಬ ಮುದುಕ ಸಾನ್ ಬೆರ್ನಾಬೆಯ ಬೀದಿಗಳನ್ನು ನಲವತ್ತು ವರ್ಷ ಗುಡಿಸಿ, ಕೆಲಸ ಬಿಟ್ಟ ದಿನ ಆ ಅಂಗಿಯನ್ನು ಬಿಚ್ಚಿ ಅವಳ ಕೈಗೆ ಕೊಟ್ಟಿದ್ದ. ಗೊತ್ತಿಲ್ಲದವರು ಅವಳನ್ನು ಸೆನ್ಯೋರಾ ಬೆಲ್ತ್ರಾನ್ ಎಂದು ಕರೆಯುತ್ತಿದ್ದರು. ಮೊದಮೊದಲು ಅವಳು ತಿದ್ದುತ್ತಿದ್ದಳು, ಆಮೇಲೆ ಬಿಟ್ಟಳು. ಬೀದಿ ಗುಡಿಸುವವಳ ಹೆಸರನ್ನು ಸರಿಯಾಗಿ ಕೇಳಿಸಿಕೊಳ್ಳಲು ಯಾರಿಗೆ ಪುರುಸೊತ್ತು?

ಅವಳಿಗೆ ಸ್ವಂತದ್ದೊಂದು ಅಂಗಿ ಇರಲಿಲ್ಲವೇ ಎಂದರೆ, ಇರಲಿಲ್ಲ. ಆ ಊರಿನ ನಗರಸಭೆಯಲ್ಲಿ ಗುಡಿಸುವವರು ಎರಡು ಥರ, ಪಟ್ಟಿಯಲ್ಲಿರುವವರು ಮತ್ತು ಪಟ್ಟಿಯಲ್ಲಿಲ್ಲದವರು. ಪಟ್ಟಿಯಲ್ಲಿರುವವರಿಗೆ ಸಂಬಳ, ಬೂಟು, ಹೆಸರು ಹೊಲಿದ ಅಂಗಿ, ಕಾಯಿಲೆ ಬಿದ್ದರೆ ಆಸ್ಪತ್ರೆ. ಉಳಿದವರಿಗೆ ಬೀದಿಯೊಂದೇ. ಮನೆಯವರು ಕೈಯೆತ್ತಿ ಕೊಟ್ಟ ಚಿಲ್ಲರೆಯಲ್ಲಿ, ರಟ್ಟು ಬಾಟಲಿ ಮಾರಿದ್ದರಲ್ಲಿ ಅವರ ಸಂಸಾರ ನಡೆಯಬೇಕು. ಕಚೇರಿ ಅವರಿಗೊಂದು ಚಂದದ ಹೆಸರಿಟ್ಟಿದೆ: ಸ್ವಯಂಸೇವಕರು. ಹೊಟ್ಟೆಗೂ ಹೋಗಿ ಹಾಗೆ ಹೇಳಿ, ಒಪ್ಪುತ್ತದೆಯೋ ನೋಡೋಣ. ಬೆಳಿಗ್ಗೆ ಆರಕ್ಕೆ ಗಾಡಿಗಳು ನಿಲ್ಲುವ ಅಂಗಳದಲ್ಲಿ ಮೇಲ್ವಿಚಾರಕ ಹಾಜರಿ ಪುಸ್ತಕ ಹಿಡಿದು ಹೆಸರು ಕೂಗುತ್ತಾನೆ. ಪಟ್ಟಿಯವರು ಸಾಲಿನಲ್ಲಿ ನಿಂತು 'ಹಾಜರ್' ಅನ್ನುತ್ತಾರೆ. ಸ್ವಯಂಸೇವಕರು ಗೋಡೆಗೆ ಒರಗಿ, ಆ ಕೂಗಾಟ ಮುಗಿಯಲೆಂದು ಕಾಯುತ್ತಾರೆ. ತೊಮಾಸಾ ಆ ಗೋಡೆಗೆ ಒರಗಿ ಹತ್ತೊಂಬತ್ತು ವರ್ಷ ಕಾದಿದ್ದಳು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರಲ್ಲ, ಅವಳ ಕೈಗೆ ಕೆಸರು ಮೆತ್ತಿಕೊಂಡೇ ಇತ್ತು, ಮೊಸರು ಮಾತ್ರ ಯಾರ ಮನೆಯಲ್ಲೋ ಹೆಪ್ಪಾಗುತ್ತಿತ್ತು.

ಅವಳು ಬೆಟ್ಟದ ಮೇಲಿನ ಹಳ್ಳಿಯವಳು. ಹದಿನಾಲ್ಕಕ್ಕೆ ಊರಿಗೆ ಬಂದು ಮನೆಗೆಲಸಕ್ಕೆ ಸೇರಿದಳು. ಗಾರೆ ಕೆಲಸದವನನ್ನು ಮದುವೆಯಾದಳು. ಅವನು ಗಡಿ ದಾಟಿ ಉತ್ತರಕ್ಕೆ ಹೋದ. ಅವನಿಂದ ಮೂರು ಕಾಗದ ಬಂದವು, ನಾಲ್ಕನೆಯದು ಬರಲಿಲ್ಲ. ಮಗಳು ಎರೆಂದಿರಾ ಆಗ ಶಾಲೆಗೆ ಹೋಗುವ ಹುಡುಗಿ. ಮೂವತ್ತಮೂರನೆಯ ವಯಸ್ಸಿನಲ್ಲಿ ತೊಮಾಸಾ ತಾನೇ ಕಟ್ಟಿದ ಕಡ್ಡಿಪೊರಕೆಯೊಂದನ್ನು ಹಿಡಿದು ನಗರಸಭೆಯ ಅಂಗಳದ ಬಾಗಿಲಲ್ಲಿ ನಿಂತಳು. ಗುಡಿಸುವವರಲ್ಲಿ ಹಿರಿಯನಾಗಿದ್ದ ಬೆಲ್ತ್ರಾನ್ ಅವಳ ಮುಖ ನೋಡಲಿಲ್ಲ, ಪೊರಕೆ ನೋಡಿದ. ಕಟ್ಟನ್ನು ಹೆಬ್ಬೆರಳಿನಿಂದ ಒತ್ತಿ, "ಸಡಿಲ ಇದೆ. ಪರವಾಗಿಲ್ಲ, ಬಾ," ಎಂದ. ಅವಳಿಗೆ ಆದ ಸಂದರ್ಶನ ಅಷ್ಟೇ. ನೊಗಾಲೆಸ್ ಬೀದಿ ಅವಳ ಪಾಲಿಗೆ ಬಂತು: ಔಷಧಿ ಅಂಗಡಿಯ ಮೂಲೆಯಿಂದ ಚರ್ಚಿನ ಅಂಗಳದವರೆಗೆ ಮೂರು ತಿರುವು.

ಆ ಬೀದಿಯಲ್ಲಿ ಅವಳ ಬಾಯಿಗೆ ಹೆದರದವರಿರಲಿಲ್ಲ. ಮಹಡಿ ಮನೆಯೊಬ್ಬಳು ದಿನಾ ಕಿಟಕಿಯಿಂದ "ಕಸ ಬಂತು, ಕಸ ಬಂತು," ಎಂದು ಒಳಗಿನವರನ್ನು ಕೂಗುತ್ತಿದ್ದಳು. ತೊಮಾಸಾ ಒಂದು ದಿನ ತಲೆಯೆತ್ತಿ, "ಇಲ್ಲ ಸೆನ್ಯೋರಾ, ಕಸ ಇನ್ನೂ ಬಂದಿಲ್ಲ. ನಿಮ್ಮನೆಯಿಂದ ಬರ್ಬೇಕು," ಎಂದಳು. ಅಂದಿನಿಂದ ಆ ಹೆಂಗಸು ಸದ್ದಿಲ್ಲದೆ ಇಳಿದುಬಂದು ಚೀಲ ಕೊಟ್ಟು ಹೋಗುತ್ತಿದ್ದಳು.

ಬಾಯಿ ಹರಿತ, ಆದರೆ ಕೆಲಸ ಕಲಿತದ್ದು ಪೆಟ್ಟು ತಿಂದೇ. ಸಾನ್ ಬೆರ್ನಾಬೆಯ ತಲೆಯ ಮೇಲೆ ಜ್ವಾಲಾಮುಖಿಯೊಂದು ಕೂತಿದೆ. ಊರವರು ಅದನ್ನು ಮನೆಯ ಹಿರಿಯನಂತೆ ದೋನ್ ಗೋಯೊ ಎಂದು ಕರೆಯುತ್ತಾರೆ. ಮುದುಕನಿಗೆ ಸಿಟ್ಟು ಬಂದರೆ ಕೆಮ್ಮುತ್ತಾನೆ, ಕೆಮ್ಮಿದರೆ ಊರ ಮೇಲೆಲ್ಲ ಬೂದಿ. ತೊಮಾಸಾ ಕೆಲಸಕ್ಕೆ ಸೇರಿದ ವರ್ಷವೇ ಹಾಗೆ ಬೂದಿ ಬಿತ್ತು. ಅವಳು ಜಾಣತನ ಮಾಡಿ ಔಷಧಿ ಅಂಗಡಿಯ ಮುಂದೆ ನಾಲ್ಕು ಬಕೆಟ್ ನೀರು ಸುರಿದಳು. ಬೂದಿಯೆಲ್ಲ ಸರಕ್ಕನೆ ಚರಂಡಿಗೆ ಇಳಿಯಿತು. ಇಷ್ಟು ಸುಲಭದ ಕೆಲಸಕ್ಕೆ ಗಂಡಸರು ಇಷ್ಟು ಹೊತ್ತು ತಗೊಳ್ಳುತ್ತಾರಲ್ಲ ಎಂದು ಅವಳು ಹೆಮ್ಮೆಯಿಂದ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಸಂಜೆಯೊಳಗೆ ಚರಂಡಿ ಗಾರೆ ಹಾಕಿದಂತೆ ಗಟ್ಟಿಯಾಗಿತ್ತು. ಮೂರು ದಿನ ಉಳಿ ಸುತ್ತಿಗೆ ಹಿಡಿದು ಒಡೆಯಬೇಕಾಯಿತು. ಬೆಲ್ತ್ರಾನ್ ಪಕ್ಕದಲ್ಲಿ ಕೂತು ಕಡಲೆಕಾಯಿ ತಿನ್ನುತ್ತ, "ದೋನ್ ಗೋಯೊನ ಬೂದಿಗೆ ನೀರು ಕುಡಿಸ್ಬಾರ್ದು ಮಗಳೇ. ಕುಡಿದ್ರೆ ಅಲ್ಲೇ ಮಲಗಿಬಿಡುತ್ತೆ," ಎಂದಿದ್ದ. ಆ ಮಾತನ್ನು ಅವಳು ಮರೆಯಲಿಲ್ಲ.

ಬೀದಿ ಗುಡಿಸುವವರಿಗೂ ಒಬ್ಬ ದೇವರಿದ್ದಾನೆ. ಸಂತ ಮಾರ್ತಿನ್, ಕಪ್ಪು ಮೈಬಣ್ಣದವನು. ಕೈಯಲ್ಲಿ ಪೊರಕೆ, ಕಾಲ ಬಳಿ ಒಂದೇ ತಟ್ಟೆಯಲ್ಲಿ ಉಣ್ಣುವ ನಾಯಿ, ಬೆಕ್ಕು, ಇಲಿ. ಅವನ ಹಬ್ಬ ನವೆಂಬರ್ ಮೂರಕ್ಕೆ. ಅದರ ಹಿಂದಿನ ಎರಡು ದಿನ ಸತ್ತವರ ಹಬ್ಬ. ಮನೆಗೆ ಬರುವ ಹಿರಿಯರಿಗೆ ದಾರಿ ತೋರಿಸಲು ಜನ ಬೀದಿಯಿಂದ ಹೊಸಿಲವರೆಗೆ ಚೆಂಡುಹೂವಿನ ಎಸಳು ಚೆಲ್ಲಿರುತ್ತಾರೆ. ಎರಡನೆಯ ತಾರೀಕಿನ ಸಂಜೆ ಆ ಹೂವನ್ನೆಲ್ಲ ಗುಡಿಸಿ ಮುಗಿಸಿದ ಮೇಲೆ ಊರಿನ ಅಷ್ಟೂ ಪೊರಕೆಗಳನ್ನು ಚರ್ಚಿಗೆ ಒಯ್ದು ಸಂತನ ಕಾಲಡಿ ಮಲಗಿಸುತ್ತಾರೆ. ಮರುದಿನ ಮೆರವಣಿಗೆ ಮುಗಿದು ಪಾದ್ರಿ ತೀರ್ಥ ಚಿಮುಕಿಸುವವರೆಗೆ ಗುಡಿಸುವವರ ಕೈ ಪೊರಕೆಯನ್ನು ಮುಟ್ಟುವಂತಿಲ್ಲ. ಅಂದು ಬೆಳಿಗ್ಗೆ ಒಂಬತ್ತಕ್ಕೆ ಊರಿನ ಅಧ್ಯಕ್ಷರೇ ಬಂದು, ರಿಬ್ಬನ್ ಕಟ್ಟಿದ ಪೊರಕೆ ಹಿಡಿದು, ಚರ್ಚಿನ ಗೇಟಿನಿಂದ ಬಾಗಿಲ ಕಡೆಗೆ ಹತ್ತು ಹೆಜ್ಜೆ ನೆಲ ಗುಡಿಸಬೇಕು. ಸಂತ ಆ ಗುಡಿಸಿದ ನೆಲದ ಮೇಲೆ ಹಾದು ಮೆರವಣಿಗೆ ಹೊರಡುತ್ತಾನೆ. ವರ್ಷವೆಲ್ಲ ಚೆಲ್ಲುವವರು ಒಂದು ದಿನವಾದರೂ ಬಗ್ಗಲಿ ಎಂದು ಹಿಂದಿನವರು ಮಾಡಿಟ್ಟ ಪದ್ಧತಿ ಅದು.

ಆದರೆ ಅಧ್ಯಕ್ಷರಾದವರು ಬಗ್ಗುವುದುಂಟೇ? ಯಾವುದೋ ವರ್ಷ ಯಾರೋ ಒಬ್ಬರ ಹೊಸ ಬೂಟು ಹಾಳಾಯಿತಂತೆ. ಅಂದಿನಿಂದ ಹಿಂದಿನ ಸಂಜೆಯೇ ಆ ಹತ್ತು ಹೆಜ್ಜೆಯನ್ನು ಗುಡಿಸಿ ಒರೆಸಿ ಥಳಥಳ ಮಾಡಿಡುವುದು ಶುರುವಾಯಿತು. ಅಧ್ಯಕ್ಷರು ಬಂದು ಗುಡಿಸಿದ ನೆಲವನ್ನೇ ಗುಡಿಸುತ್ತಾರೆ, ಫೋಟೊ ತೆಗೆಯುತ್ತಾರೆ, ಜನ ಚಪ್ಪಾಳೆ ತಟ್ಟುತ್ತಾರೆ. ಕಣ್ಣಿಗೆ ಮಣ್ಣೆರಚಲಿಕ್ಕಾದರೂ ಒಂದು ಹಿಡಿ ಮಣ್ಣು ಬೇಡವೇ? ಅಲ್ಲಿ ಅದೂ ಇರುತ್ತಿರಲಿಲ್ಲ. ಚರ್ಚಿನ ಅಂಗಳ ತೊಮಾಸಾಳ ಬೀದಿಯ ಕೊನೆಗೇ ಇದ್ದದ್ದರಿಂದ ಹಾಗೆ ಥಳಥಳ ಮಾಡಿಡುವವಳು ಅವಳೇ. ಬೆಲ್ತ್ರಾನ್ ಸಾಯುವ ಹಿಂದಿನ ವರ್ಷ ಹಬ್ಬಕ್ಕೆ ಕರೆಯಲು ಹೋದಾಗ ಅವನು ಮಂಚದಿಂದ ಏಳದೆ, "ಗುಡಿಸಿದ್ದನ್ನ ಗುಡಿಸೋದು ನೋಡೋಕೆ ನಾನ್ಯಾಕೆ ಬರ್ಲಿ?" ಎಂದಿದ್ದ. ಗುಡಿಸಿಟ್ಟವಳು ಎದುರಿಗೇ ನಿಂತಿದ್ದಾಳೆಂದು ಅವನಿಗೆ ಗೊತ್ತಿತ್ತು. ಆ ಮಾತು ಅವಳಿಗೆ ಆರು ವರ್ಷ ಚುಚ್ಚುತ್ತಲೇ ಇತ್ತು.

ಈ ವರ್ಷ ಎರಡನೆಯ ತಾರೀಕು ಮಧ್ಯಾಹ್ನ ಮೇಲ್ವಿಚಾರಕ ದೋನ್ ಎರಾಸ್ಮೊ ಅವಳನ್ನು ಕಚೇರಿಗೆ ಕರೆಸಿದ. ಬಾಗಿಲ ಹಿಂದಿನ ಮೊಳೆಯಲ್ಲಿ ಪ್ಲಾಸ್ಟಿಕ್ ಹೊದಿಸಿದ ಹೊಸ ಅಂಗಿ ತೂಗುತ್ತಿತ್ತು. ಜೇಬಿನ ಮೇಲೆ 'ತೊಮಾಸಾ ಇಬಾರಾ'. ಪಟ್ಟಿಯಲ್ಲೊಂದು ಜಾಗ ಖಾಲಿಯಾಗಿದೆ, ನಾಳೆ ಹಬ್ಬದ ವೇದಿಕೆಯಲ್ಲಿ ಅಧ್ಯಕ್ಷರ ಕೈಯಿಂದಲೇ ನೇಮಕದ ಕಾಗದ ಮತ್ತು ಅಂಗಿ ಎಂದು ಎರಾಸ್ಮೊ ಹೇಳಿದ. ಅವಳು ಪ್ಲಾಸ್ಟಿಕ್ಕಿನ ಮೇಲಿಂದಲೇ ಒಂದೊಂದು ಅಕ್ಷರವನ್ನೂ ಬೆರಳಿನಿಂದ ಮುಟ್ಟಿದಳು. ಹತ್ತೊಂಬತ್ತು ವರ್ಷ ಕಚೇರಿ ಅವಳ ಮೂಗಿಗೆ ತುಪ್ಪ ಸವರಿತ್ತು. ಈ ಸಲ ಅದು ನಾಲಗೆಗೇ ಇಳಿಯುವ ಹಾಗಿತ್ತು. ಅವಳು ಅಂಗಳ ದಾಟಿ, ಯಾರೂ ಇಲ್ಲದ ಕಡೆ ಕೈಗಾಡಿಯ ಹಿಂದೆ ಕೂತು ಮನಸಾರೆ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ಆ ಹತ್ತು ಹೆಜ್ಜೆಯನ್ನು ಎಂದಿಗಿಂತ ಚೆನ್ನಾಗಿ ಒರೆಸಿ, ಪೊರಕೆಯನ್ನು ಸಂತನ ಕಾಲಡಿ ಇಟ್ಟು ಮನೆಗೆ ಹೋದಳು.

ಊರು ಮಲಗಿದ ಮೇಲೆ ದೋನ್ ಗೋಯೊ ಕೆಮ್ಮಿದ.

ಬೆಳಿಗ್ಗೆ ಬಾಗಿಲು ತೆಗೆದರೆ ಲೋಕವೆಲ್ಲ ಬೂದುಬಣ್ಣ. ಗಿಡದ ಮೇಲೆ, ತಂತಿಯ ಮೇಲೆ, ಹಬ್ಬಕ್ಕೆ ಕಟ್ಟಿದ ಬಣ್ಣದ ಕಾಗದದ ತೋರಣದ ಮೇಲೆ, ಎಲ್ಲೆಲ್ಲೂ ಬೆರಳಗಲ ಬೂದಿ. ತೊಮಾಸಾ ಹಬ್ಬದ ಲಂಗ ಉಟ್ಟು, ಮೇಲೆ ಬೆಲ್ತ್ರಾನನ ಅಂಗಿ ತೊಟ್ಟು ಚರ್ಚಿಗೆ ಬಂದಾಗ ಅಂಗಳದಲ್ಲಿ ಮೂವತ್ತು ಜನ ಗುಡಿಸುವವರು ಸೇರಿದ್ದರು. ನಡುವೆ ಎರಾಸ್ಮೊ. ಅವನ ಬಿಳಿ ಟೋಪಿಗೂ ಬೂದಿ ಮೆತ್ತಿತ್ತು. ಒಂಬತ್ತಕ್ಕೆ ಅಧ್ಯಕ್ಷರು ಬರುತ್ತಾರೆ, ಒಳಗೆ ಹೋಗಿ ಪೊರಕೆ ತನ್ನಿ, ಅಂಗಳ ಚೊಕ್ಕ ಮಾಡಿ ಎಂದು ಅವನು ಹೇಳುತ್ತಿದ್ದ.

ಯಾರೂ ಅಲುಗಲಿಲ್ಲ. ಇಷ್ಟು ವರ್ಷ ಪೊರಕೆ ಮಲಗುವ ಮೊದಲೇ ನೆಲ ಗುಡಿಸಿ ಎಲ್ಲರೂ ಪದ್ಧತಿಗೂ ಕಚೇರಿಗೂ ಒಟ್ಟಿಗೇ ಸಲಾಮು ಹೊಡೆದಿದ್ದರು. ಮಲಗಿದ ಪೊರಕೆಯನ್ನು ಎಬ್ಬಿಸಿ ಎಂದು ಯಾರೂ ಎಂದೂ ಹೇಳಿರಲಿಲ್ಲ. ಕೊನೆಗೆ ಮುಂದಿನ ಸಾಲಿನ ಇಬ್ಬರು ತಲೆ ತಗ್ಗಿಸಿಕೊಂಡು ಚರ್ಚಿನ ಬಾಗಿಲ ಕಡೆ ಹೆಜ್ಜೆ ಹಾಕಿದರು. ಪಟ್ಟಿಯಲ್ಲಿದ್ದವರಿಗೂ ಹೆಂಡತಿ ಮಕ್ಕಳಿರುತ್ತಾರೆ.

"ದೋನ್ ಎರಾಸ್ಮೊ, ಪೊರಕೆ ಮಲಗಿವೆ," ಎಂದಳು ತೊಮಾಸಾ. "ಇವತ್ತು ನಮ್ಮ ಕೈ ಅವನ್ನ ಮುಟ್ಟಲ್ಲ."

"ಅರ್ಧ ಗಂಟೆ ಕೆಲ್ಸ, ದೋನ್ಯಾ ತೊಮಾಸಾ. ಸಂತ ಏನೂ ಅಂದ್ಕೊಳ್ಳಲ್ಲ."

"ಸಂತ ಅಂದ್ಕೊಳ್ಳಲ್ಲ. ನಾನು ಅಂದ್ಕೋತೀನಿ."

ಹೋಗುತ್ತಿದ್ದ ಇಬ್ಬರೂ ಅರ್ಧದಲ್ಲೇ ನಿಂತರು. ಎರಾಸ್ಮೊ ಅವಳ ತೋಳು ಹಿಡಿದು ಗೋಡೆಯ ಮರೆಗೆ ಕರೆದುಕೊಂಡು ಹೋದ. ಅವನೇನು ರಾಕ್ಷಸನಲ್ಲ. ಮೇಲಿನವರು ಬೈದರೆ ಅವನಿಗೆ ಮೂರು ದಿನ ನಿದ್ದೆ ಬರುವುದಿಲ್ಲ, ಆ ಹೆದರಿಕೆಯಲ್ಲೇ ಅವನ ತಲೆ ನೆರೆತಿದೆ. ಅವನ ದನಿ ಮೆತ್ತಗಿತ್ತು. "ತಾಳಿದವನು ಬಾಳಿಯಾನು ಅಂತ ಹತ್ತೊಂಬತ್ತು ವರ್ಷ ತಾಳಿದೀರಿ. ಇನ್ನು ಮೂರು ಗಂಟೆ ತಾಳಕ್ಕಾಗಲ್ವಾ? ಅಂಗಿ ನನ್ನ ಕಾರಲ್ಲಿದೆ. ಸುಮ್ನೆ ಗುಡಿಸಿ."

"ಗುಡಿಸ್ದಿದ್ರೆ?"

"ಗುಡಿಸ್ದಿದ್ರೆ ಅಂಗಿ ಕಾರಲ್ಲೇ ಇರುತ್ತೆ. ನೀನೂ ಆ ಗೋಡೆ ಹತ್ರಾನೇ ಇರ್ತೀಯ." ಹತ್ತೊಂಬತ್ತು ವರ್ಷದಲ್ಲಿ ಅವನು ಅವಳನ್ನು ನೀನು ಎಂದದ್ದು ಅದೇ ಮೊದಲು.

ತೊಮಾಸಾಗೆ ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು. ಎಡ ಮಂಡಿ ಎರಡು ವರ್ಷದಿಂದ ಊದಿಕೊಳ್ಳುತ್ತಿತ್ತು, ಪಟ್ಟಿಯವರಿಗಾದರೆ ಆಸ್ಪತ್ರೆ. ಮಗಳು ಬೇಕರಿಯಲ್ಲಿ ದುಡಿದು ತಾಯಿಯ ಮಾತ್ರೆಗೆಂದು ಎತ್ತಿಡುತ್ತಿದ್ದಳು. ಇನ್ನು ಆ ಅಂಗಿ, ಆ ಅಕ್ಷರ. ಅವಳು ಗೆಳತಿ ಒಬ್ದೂಲಿಯಾಳ ಕಡೆ ನೋಡಿದಳು. ಒಬ್ದೂಲಿಯಾ ಕಸದ ಲಾರಿಯ ಮುಂದೆ ಗಂಟೆ ಬಾರಿಸುತ್ತ ನಡೆಯುವವಳು. ಅವಳೂ ಗೋಡೆಯ ಬದಿಯವಳೇ, ಎರೆಂದಿರಾಳ ಜ್ಞಾನಸ್ನಾನದಲ್ಲಿ ದೀಕ್ಷಾತಾಯಿಯಾಗಿ ನಿಂತವಳು. ಅದಕ್ಕೇ ಇಬ್ಬರೂ ಒಬ್ಬರನ್ನೊಬ್ಬರು ಕೊಮಾದ್ರೆ, ಅಂದರೆ ಜೊತೆತಾಯಿ, ಎಂದು ಕರೆಯುತ್ತಿದ್ದರು. ಒಬ್ದೂಲಿಯಾ ಹತ್ತಿರ ಬಂದು ಕಿವಿಯಲ್ಲಿ ಹೇಳಿದಳು: "ಅಂಗಿ ತಗೊಳ್ಳೇ ಕೊಮಾದ್ರೆ. ಗುಡಿಸಿ ಬಿಸಾಕು. ಹತ್ತು ಹೆಜ್ಜೆ ತಾನೆ?"

"ಹತ್ತೇ ಹೆಜ್ಜೆ ಅಲ್ವಾ," ಎಂದಳು ತೊಮಾಸಾ. "ಅಧ್ಯಕ್ಷರೇ ಗುಡಿಸ್ಲಿ."

ಹಾಗೆ ಅಂದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಮಾತಿನ ಧಾಟಿ ಬೆಲ್ತ್ರಾನನದು, ಬಾಯಿ ಮಾತ್ರ ಅವಳದು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಗಾದೆ ಎಲ್ಲ ಊರಿಗೂ ಒಪ್ಪುತ್ತದೆ. ಆದರೆ ಪೂಜಾರಿ ಕೊಡುವ ವರಕ್ಕೆ ದೇವರ ಕಾಲಡಿಯ ಪೊರಕೆಯನ್ನೇ ಎಳೆದು ತರಬೇಕು ಎಂದರೆ ಆ ವರ ಅವಳಿಗೆ ಬೇಕಿರಲಿಲ್ಲ.

ಎರಾಸ್ಮೊ ಫೋನು ತೆಗೆದು ನೀರಿನ ಟ್ಯಾಂಕರಿಗೆ ಹೇಳಿದ. ಪೊರಕೆ ಬೇಡ, ನೀರು ಬಿಟ್ಟು ತೊಳೆದರಾಯಿತು, ಯಾರ ಕೈಯೂ ಬೇಕಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಸಾರಿದ. ಕುರ್ಚಿಯಲ್ಲಿ ಕೂತು ಗುಡಿಸುವವರಿಗೆ ಮಾತ್ರ ಹೊಳೆಯುವ ಉಪಾಯ ಅದು. ಮೂವತ್ತು ಜನ ಮುಖ ಮುಖ ನೋಡಿಕೊಂಡರು. ಚರ್ಚಿನ ಅಂಗಳದ ನೀರೆಲ್ಲ ಹೋಗುವುದು ಗೇಟಿನ ಬಳಿಯ ಒಂದೇ ಒಂದು ಚರಂಡಿಗೆ. ಅದು ಕಟ್ಟಿಕೊಂಡರೆ ಮುಂದಿನ ಮಳೆಗೆ ಸಂತ ಮಾರ್ತಿನ್ ಮೊಣಕಾಲುದ್ದ ನೀರಿನಲ್ಲಿ ನಿಲ್ಲಬೇಕು, ಇಲಿ ಬೆಕ್ಕಿನ ಸಮೇತ.

ಟ್ಯಾಂಕರ್ ಬರುವಷ್ಟರಲ್ಲಿ ತೊಮಾಸಾ ಹೋಗಿ ಆ ಚರಂಡಿಯ ಕಬ್ಬಿಣದ ಜಾಲರಿಯ ಮೇಲೆ ಹಬ್ಬದ ಲಂಗ ಹರಡಿಕೊಂಡು ಕೂತುಬಿಟ್ಟಳು. ಎರಾಸ್ಮೊ ಏಳು ಎಂದ. ನೀರು ಬಿಡುವುದಾದರೆ ನನ್ನ ಮೇಲೇ ಬಿಡಿ, ಹೇಗೂ ವರ್ಷಕ್ಕೊಂದು ಸಲ ನಮಗೆ ಸನ್ಮಾನ ಮಾಡುತ್ತೀರಲ್ಲ, ಸ್ನಾನವೂ ಆಗಲಿ ಎಂದಳು. ಟ್ಯಾಂಕರಿನ ಡ್ರೈವರು ಚಾವಿ ತಿರುಗಿಸಿ ಇಂಜಿನ್ ನಿಲ್ಲಿಸಿದ. ಹತ್ತೊಂಬತ್ತು ವರ್ಷದ ಹಿಂದೆ ಅವಳ ಜೊತೆ ಉಳಿ ಹಿಡಿದು ಚರಂಡಿ ಒಡೆದವರಲ್ಲಿ ಅವನೂ ಒಬ್ಬ. ತನ್ನ ಪೈಪು ಕೆಟ್ಟಿದೆ ಎಂದು ಹೇಳಿ ಅವನು ಟೋಪಿಯನ್ನು ಮುಖದ ಮೇಲೆಳೆದುಕೊಂಡ.

ಗಂಟೆ ಎಂಟಾಯಿತು. ಒಬ್ದೂಲಿಯಾ ಜೋಳದ ಹಿಟ್ಟಿನ ಎರಡು ತಮಾಲೆ ಕಡುಬು, ಒಂದು ಲೋಟ ಬಿಸಿ ಜೋಳದ ಗಂಜಿ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕುಕ್ಕರಿಸಿದಳು.

"ಅಂಗಿ ತಗೋ ಅಂತ ಹೇಳ್ದವಳು ನೀನೇ ಅಲ್ವಾ?" ಎಂದಳು ತೊಮಾಸಾ.

"ಹೌದು. ನೀನು ಕೇಳ್ಲಿಲ್ವಲ್ಲ. ಒಬ್ಳೇ ಕೂತ್ರೆ ಹುಚ್ಚಿ ಅಂತಾರೆ ಕಣೆ. ಇಬ್ರು ಕೂತ್ರೆ ಚಳವಳಿ ಅಂತಾರೆ. ತಿನ್ನು, ಆರಿಹೋಗುತ್ತೆ."

ಒಂಬತ್ತಕ್ಕೆ ವಾದ್ಯದವರು ಮುಂದೆ, ಅಧ್ಯಕ್ಷರು ಹಿಂದೆ. ಅಧ್ಯಕ್ಷರು ಮೊದಲು ಹಲ್ಲಿನ ಡಾಕ್ಟರಾಗಿದ್ದವರು. ಗುಂಡುಗುಂಡಾದ ಮನುಷ್ಯ, ಕೆನೆಬಣ್ಣದ ಸೂಟು. ಗೇಟಿನಲ್ಲಿ ನಿಂತು ಅಂಗಳ ನೋಡಿ ಅವರ ಮುಖದ ನಗು ಅಲ್ಲೇ ಹೆಪ್ಪುಗಟ್ಟಿತು. ಎರಾಸ್ಮೊ ಓಡಿಹೋಗಿ ಪಿಸುಗುಟ್ಟಿದ: ಒಳಗೆ ಪಡಸಾಲೆಯಲ್ಲಿ ಅಚ್ಚುಕಟ್ಟಾಗಿದೆ, ಅಲ್ಲೇ ನಾಲ್ಕು ಸಲ ಪೊರಕೆ ಆಡಿಸಿದರೆ ಸಾಕು. ಅಧ್ಯಕ್ಷರಿಗೆ ಜೀವ ಬಂದಂತಾಗಿ ಪಕ್ಕದ ಬಾಗಿಲ ಕಡೆ ತಿರುಗಿದರು.

ತೊಮಾಸಾ ಜಾಲರಿಯಿಂದ ಎದ್ದಳು. ಮಂಡಿ ನೋಯುತ್ತಿತ್ತು, ಲಂಗದ ಹಿಂಭಾಗವೆಲ್ಲ ಬೂದಿ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಅವರ ದಾರಿಗೆ ಬಂದು ನಿಂತಳು.

"ಡಾಕ್ಟ್ರೇ, ಸಂತ ಆ ಕಡೆಯಿಂದ ಬರಲ್ಲ. ಈ ಕಡೆಯಿಂದ ಬರ್ತಾನೆ."

ತುತ್ತೂರಿಯವನು ಊದುವುದನ್ನು ನಿಲ್ಲಿಸಿದ. ಗೇಟಿನ ಹೊರಗೆ ಹಬ್ಬಕ್ಕೆ ಬಂದ ಜನ ತುಂಬಿಕೊಂಡಿದ್ದರು, ಫೋಟೊದವನು ಕ್ಯಾಮೆರಾ ಎತ್ತಿ ಹಿಡಿದೇ ಇದ್ದ. ಅಧ್ಯಕ್ಷರು ಒಮ್ಮೆ ಜನರನ್ನು ನೋಡಿದರು, ಒಮ್ಮೆ ಬೂದಿಯನ್ನು ನೋಡಿದರು. ಆಮೇಲೆ ಪಾದ್ರಿಯ ಕೈಯಲ್ಲಿದ್ದ ಹಸಿರು ರಿಬ್ಬನ್ನಿನ ಪೊರಕೆಯನ್ನು ತೆಗೆದುಕೊಂಡು, ಕಣ್ಣು ಮುಚ್ಚಿ ಒಂದು ಬೀಸು ಬೀಸಿದರು.

ಬೂದಿ ಎದ್ದು ಅವರನ್ನೇ ನುಂಗಿತು. ಅವರು ಕೆಮ್ಮಿದರು, ಹೆಂಡತಿ ಕೆಮ್ಮಿದಳು, ತುತ್ತೂರಿಯವನು ಕೆಮ್ಮಿದ. ಜನರ ನಡುವೆ ಕಿಸಕ್ಕೆಂದು ಯಾರೋ ನಕ್ಕರು.

"ಎತ್ಬೇಡಿ," ಎಂದಳು ತೊಮಾಸಾ. ಕೈ ಇನ್ನೂ ಬೆನ್ನ ಹಿಂದೆಯೇ ಇತ್ತು. "ಒತ್ಲೂ ಬೇಡಿ. ನೆಲಕ್ಕೆ ಸವರ್ಕೊಂಡು ಮೆಲ್ಲಗೆ ನಿಮ್ಮ ಕಡೆ ಎಳ್ಕೊಳ್ಳಿ. ನನ್ನ ಹಲ್ಲು ಕಿತ್ತಾಗ ಹೆಂಗುಜ್ಬೇಕು ಅಂತ ಹೇಳ್ಕೊಟ್ರಲ್ಲ, ಹಂಗೆ."

ಈಗ ಎಲ್ಲರೂ ನಕ್ಕರು. ಅಧ್ಯಕ್ಷರೂ ಅರೆಮನಸ್ಸಿನಿಂದ ನಕ್ಕು, ಅವಳು ಹೇಳಿದಂತೆ ಎಳೆದರು. ಬೂದಿ ಏಳಲಿಲ್ಲ, ಸರಿದು ಗುಡ್ಡೆಯಾಯಿತು. ಒಂದು ಹೆಜ್ಜೆ ಕಲ್ಲು ಕಂಡಿತು. ನಾಲ್ಕನೆಯ ಹೆಜ್ಜೆಗೆ ಅವರ ಉಸಿರು ಬಿಗಿಯಿತು. ಸೊಂಟ ಹಿಡಿದುಕೊಂಡು ನೆಟ್ಟಗಾಗಿ, ಪೊರಕೆಯನ್ನು ಹತ್ತಿರದವನೊಬ್ಬನ ಕಡೆ ಚಾಚಿದರು. ಅವನು ಪಟ್ಟಿಯಲ್ಲಿದ್ದವನು, ಮುಂಜಾನೆ ಪೊರಕೆ ತರಲು ಹೊರಟವರಲ್ಲಿ ಒಬ್ಬ. ಅವನು ತೊಮಾಸಾಳನ್ನು ನೋಡಿದ. ಆಮೇಲೆ ತನ್ನ ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡ. ಪಕ್ಕದವನೂ ಕಟ್ಟಿಕೊಂಡ. ಅಧ್ಯಕ್ಷರು ಪೊರಕೆ ಚಾಚಿದ ಕಡೆಯೆಲ್ಲ ಕೈಗಳು ಒಂದೊಂದಾಗಿ ಬೆನ್ನ ಹಿಂದೆ ಹೋದವು.

"ಇನ್ನು ಆರು ಹೆಜ್ಜೆ, ಡಾಕ್ಟ್ರೇ," ಎಂದಳು ತೊಮಾಸಾ.

ಅವರು ಆರನ್ನೂ ಗುಡಿಸಿದರು. ಇಪ್ಪತ್ತು ನಿಮಿಷ ಹಿಡಿಯಿತು. ಸೂಟಿನ ಬಣ್ಣ ಯಾವುದೆಂದು ಹೆಂಡತಿಯೂ ಹೇಳುವಂತಿರಲಿಲ್ಲ. ಸಂತ ಮಾರ್ತಿನ್ ಹೆಗಲುಗಳ ಮೇಲೆ ಹೊರಬಂದಾಗ ಎರಡೂ ಬದಿ ಬೂದಿ, ನಡುವೆ ಪೊರಕೆಯಗಲದ ಚೊಕ್ಕ ಕಲ್ಲಿನ ದಾರಿ ಇತ್ತು. ತೊಮಾಸಾ ಅದನ್ನು ನೋಡುತ್ತ, ಮಂಚದಿಂದ ಏಳದ ಆ ಮುದುಕನಿಗೆ ಮನಸ್ಸಿನಲ್ಲೇ, ಈಗ ಬಾ, ನೋಡುವ ಹಾಗಿದೆ ಎಂದಳು. ಅವಳ ಎದೆ ಅಷ್ಟು ಹಗುರಾಗಿ ಎಷ್ಟೋ ವರ್ಷವಾಗಿತ್ತು.

ಮೆರವಣಿಗೆ ಮುಗಿದು, ಪೊರಕೆಗಳ ಮೇಲೆ ತೀರ್ಥ ಬಿದ್ದ ಮೇಲೆ ವೇದಿಕೆಯ ಕಾರ್ಯಕ್ರಮ. ಎರಾಸ್ಮೊ ಪಟ್ಟಿ ಓದಿದ. ಇಪ್ಪತ್ತು ವರ್ಷ ಆದವರಿಗೆ ಶಾಲು, ಮೂವತ್ತಾದವರಿಗೆ ಗಡಿಯಾರ. ತನ್ನ ಹೆಸರು ಬರುವುದಿಲ್ಲವೆಂದು ತೊಮಾಸಾಗೆ ಚೆನ್ನಾಗಿ ಗೊತ್ತಿತ್ತು. ಆದರೂ ಪ್ರತಿ ಹೆಸರಿಗೂ ಕಿವಿ ನಿಮಿರುತ್ತಿತ್ತು. ಆ ಕಿವಿಯ ಮೇಲೆ ಅವಳಿಗೆ ಸಿಟ್ಟು ಬಂತು. ಕೊನೆಯಲ್ಲಿ ಅಧ್ಯಕ್ಷರು ಏನೋ ಕೇಳುತ್ತ ಅವಳ ಕಡೆ ಬೆರಳು ತೋರಿಸಿದ್ದು ಕಾಣಿಸಿತು. ಎರಾಸ್ಮೊ ಅವರ ಕಿವಿಯಲ್ಲಿ ಏನೋ ಹೇಳಿದ. ಅಧ್ಯಕ್ಷರು ಅವಳನ್ನು ಒಂದು ಗಳಿಗೆ ನೋಡಿ, ಬೂದಿ ಮೆತ್ತಿದ ಕರವಸ್ತ್ರದಿಂದ ಮೂಗೊರೆಸಿಕೊಂಡು ಬೇರೆ ಕಡೆ ತಿರುಗಿದರು. ಪಟ್ಟಿ ಮುಗಿಯಿತು. ಅಂಗಿ ಕಾರಿನಲ್ಲೇ ಉಳಿಯಿತು.

ಊಟದ ಹೊತ್ತಿಗೆ ಎರಾಸ್ಮೊ ಅವಳ ಬಳಿ ಬಂದ. ಮತ್ತೆ ನೀವು ಎನ್ನತೊಡಗಿದ್ದ. ಎಲ್ಲರೆದುರು ತಪ್ಪಾಯಿತು ಎಂದು ಒಂದು ಮಾತು ಹೇಳಿದರೆ ಮುಂದಿನ ವರ್ಷ ನೋಡೋಣ ಎಂದ. ತೊಮಾಸಾ ತಟ್ಟೆಯಿಂದ ತಲೆಯೆತ್ತದೆ, ಮೋಲೆ ಸಾರು ಚೆನ್ನಾಗಿದೆ, ನೀವೂ ಸ್ವಲ್ಪ ಹಾಕಿಸಿಕೊಳ್ಳಿ ಎಂದಳು.

ಮನೆಗೆ ಬಂದು, ಇನ್ನೂ ಬಿಸಿಲಿರುವಾಗಲೇ ಹೊಸಿಲ ಮೇಲೆ ಕೂತು ಬೆಲ್ತ್ರಾನನ ಅಂಗಿಯನ್ನು ತೊಡೆಯ ಮೇಲೆ ಹರಡಿಕೊಂಡಳು. ಕತ್ತರಿ ತರಲೇ, ಹಳೆಯ ಹೆಸರು ಬಿಚ್ಚಬೇಕಲ್ಲ ಎಂದು ಎರೆಂದಿರಾ ಕೇಳಿದಳು. ಬೇಡ ಎಂದಳು ತಾಯಿ. ಅವನ ಹೆಸರಿನ ಕೆಳಗೆ ಕೆಂಪು ದಾರದಲ್ಲಿ ತನ್ನದನ್ನು ಹೊಲಿದಳು. ಅಕ್ಷರ ಕಲಿತದ್ದು ದೊಡ್ಡವಳಾದ ಮೇಲೆ, ಮಗಳ ಪುಸ್ತಕದಿಂದ. ಹೊಲಿಗೆ ಸೊಟ್ಟಗಾಯಿತು. 'ಇಬಾರಾ'ದ ಕೊನೆಯ ಅಕ್ಷರ ಜೇಬಿನ ಅಂಚು ದಾಟಿ ಹೊರಗೆ ಹೋಯಿತು. ಹೋಗಲಿ ಎಂದು ದಾರ ಕಡಿದಳು.

ನಾಲ್ಕನೆಯ ತಾರೀಕು ಬೆಳಿಗ್ಗೆ ಆರಕ್ಕೆ ಎರಾಸ್ಮೊ ಹಾಜರಿ ಪುಸ್ತಕ ತೆರೆದ. ಪಟ್ಟಿಯವರು ಸಾಲಿನಲ್ಲಿ, ಸ್ವಯಂಸೇವಕರು ಗೋಡೆಯ ಬದಿಯಲ್ಲಿ. ತೊಮಾಸಾ ಸಾಲಿನ ಕೊನೆಗೆ ಹೋಗಿ ನಿಂತಳು. ಎರಾಸ್ಮೊ ಅವಳನ್ನು ನೋಡಿಯೂ ನೋಡದವನಂತೆ ಎಲ್ಲ ಹೆಸರನ್ನೂ ಕೂಗಿ ಪುಸ್ತಕ ಮುಚ್ಚಿದ.

"ತೊಮಾಸಾ ಇಬಾರಾ, ಹಾಜರ್," ಎಂದಳು ಅವಳು.

"ನಿಮ್ಮ ಹೆಸರು ನಾನು ಕರೀಲಿಲ್ಲ."

"ನೀವು ಕರೀಲಿಲ್ಲ. ನಾನು ಬಂದಿದೀನಿ. ಹತ್ತೊಂಬತ್ತು ವರ್ಷದಿಂದ ಬಂದಿದೀನಿ."

ಎರಾಸ್ಮೊನ ಕಣ್ಣು ಅವಳ ಜೇಬಿನ ಮೇಲಿನ ಕೆಂಪು ಅಕ್ಷರದ ಮೇಲೆ ನಿಂತಿತು. ಇದನ್ನು ಹೊಲಿಯಲು ಅಪ್ಪಣೆ ಕೊಟ್ಟವರು ಯಾರು ಎಂದು ಕೇಳಲು ಅವನು ಬಾಯಿ ತೆರೆಯುವುದಕ್ಕೂ, ಗೋಡೆಯ ಕಡೆಯಿಂದ ಲಾರಿಯ ಗಂಟೆ ಒಂದು ಸಲ ಢಣ್ ಎನ್ನುವುದಕ್ಕೂ ಸರಿಹೋಯಿತು.

"ಒಬ್ದೂಲಿಯಾ ರೋಸಾಸ್, ಹಾಜರ್."

ಅವಳು ಗೋಡೆ ಬಿಟ್ಟು ಬಂದು ಸಾಲಿನಲ್ಲಿ ನಿಂತಳು. ಅವಳ ಹಿಂದೆ ಇನ್ನೊಬ್ಬ ಬಂದು ತನ್ನ ಹೆಸರು ಹೇಳಿದ. ಅವನ ಹಿಂದೆ ಮತ್ತೊಬ್ಬಳು. ಗೋಡೆಗೆ ಒರಗಿದ್ದವರು ಹದಿನಾಲ್ಕು ಜನ. ಕೆಲವರ ಪೂರ್ತಿ ಹೆಸರನ್ನು ಎರಾಸ್ಮೊ ಅಂದೇ ಮೊದಲ ಸಲ ಕೇಳಿದ್ದು. ಅವನು ಪುಸ್ತಕ ತೆರೆಯಲಿಲ್ಲ, ಬರೆದುಕೊಳ್ಳಲೂ ಇಲ್ಲ. ಆದರೆ ಹದಿನಾಲ್ಕು ಹೆಸರೂ ಮುಗಿಯುವವರೆಗೆ ಅಲ್ಲಿಂದ ಕದಲಲಾಗದೆ ನಿಂತೇ ಇದ್ದ.

ಆಮೇಲೆ ತೊಮಾಸಾ ತೀರ್ಥ ಬಿದ್ದ ಪೊರಕೆಯನ್ನು ಕೈಗಾಡಿಗೆ ಸಿಕ್ಕಿಸಿಕೊಂಡು ನೊಗಾಲೆಸ್ ಬೀದಿಗೆ ಹೊರಟಳು. ಅಲ್ಲಿ ಮೂರು ತಿರುವಿನ ಉದ್ದಕ್ಕೂ ಬೂದಿ ಹಾಗೇ ಬಿದ್ದಿತ್ತು. ಔಷಧಿ ಅಂಗಡಿಯವನು ಬಕೆಟ್ ನೀರು ಹಿಡಿದು ಬಾಗಿಲಲ್ಲಿ ನಿಂತಿದ್ದ. ಅವಳು ದೂರದಿಂದಲೇ ಕೈಯೆತ್ತಿ, ಅದನ್ನು ಒಳಗಿಡಲು ಹೇಳಿದಳು.